ಸೀಟಿನ ಹಿಂದೆ ಇಳಿದ ಬೆಲ್ಟು

ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಅದಕ್ಕೇ ಸಂಬಳ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಚಟ ನಿಲ್ಲಲಿಲ್ಲ. ತರಕಾರಿಯವನ ತಕ್ಕಡಿ, ಪಕ್ಕದ ಮನೆಯವರ ನಗು, ಡಾಕ್ಟರು ಬರೆದ ಮಾತ್ರೆ, ಯಾವುದನ್ನೂ ನಾನು ಸುಮ್ಮನೆ ನಂಬಿದವನಲ್ಲ. "ದೇವ್ರೇ ಪ್ರತ್ಯಕ್ಷ ಆದ್ರೂ ನೀವು ಆಧಾರ್ ಕಾರ್ಡ್ ಕೇಳ್ತೀರ ಕಣ್ರೀ" ಎನ್ನುತ್ತಾಳೆ ಹೆಂಡತಿ. ಕೇಳಿದರೆ ತಪ್ಪೇನು?

ಈಗ ನನ್ನ ಹೊತ್ತು ಹೋಗುವುದು ರೇಸ್ ಕಾರುಗಳ ಪುಟ್ಟ ಮಾದರಿಗಳನ್ನು ಕಟ್ಟುವುದರಲ್ಲಿ. ಅಸಲಿ ಕಾರು ಇಪ್ಪತ್ನಾಲ್ಕು ಅಡಿ ಇದ್ದರೆ ನನ್ನದು ಒಂದು ಅಡಿ, ಆ ಲೆಕ್ಕ. ಹೊರಗಿನ ಬಣ್ಣವನ್ನು ಯಾರು ಬೇಕಾದರೂ ಬಳಿಯುತ್ತಾರೆ. ನನ್ನ ಆಸಕ್ತಿ ಒಳಗೆ, ಓಡಿಸುವವರ ಜೀವ ಕಾಯುವ ಸಾಮಾನುಗಳಲ್ಲಿ. ಕಾರು ಪಲ್ಟಿಯಾದರೆ ಮೇಲ್ಭಾಗ ಕುಸಿಯದಂತೆ ತಡೆಯುವ ಕೊಳವೆಗಳ ಪಂಜರವನ್ನು ಪ್ಲಾಸ್ಟಿಕ್ ಕಡ್ಡಿ ಬಗ್ಗಿಸಿ ಮಾಡುತ್ತೇನೆ. ಬೆಂಕಿ ಆರಿಸುವ ಸಿಲಿಂಡರಿಗೆ ಪೆನ್ನಿನ ರೀಫಿಲ್ ತುಂಡು, ಕಿಟಕಿಯ ಬಲೆಗೆ ಹಳೆಯ ಟೀ ಸೋಸುವ ಜಾಲರಿ, ಸೀಟ್ ಬೆಲ್ಟಿಗೆ ಔಷಧಿ ಅಂಗಡಿಯ ಪೇಪರ್ ಟೇಪು. ಬೆಲ್ಟಿನ ಬಕಲ್ ಅಕ್ಕಿಕಾಳಿಗಿಂತ ಚಿಕ್ಕದು. ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಆಮೇಲೆ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಹುಡುಕಬೇಕು.

ನಮಗೆ ಒಬ್ಬಳೇ ಮಗಳು. ಯಲಹಂಕದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಹೋದ ವರ್ಷ ಹಳೆಯ ಕಾರೊಂದನ್ನು ಕೊಂಡು, ಅಲ್ಲಿನ ಒಬ್ಬ ಮೆಕ್ಯಾನಿಕ್ ಕೈಲಿ ಅದಕ್ಕೆ ಪಂಜರ, ರೇಸಿನ ಸೀಟು, ಬೆಲ್ಟು ಎಲ್ಲ ಹಾಕಿಸಿದಳು. ಕಾರು ನಿಲ್ಲುವುದೂ ಅವನ ಗ್ಯಾರೇಜಿನಲ್ಲೇ. ಚಿಕ್ಕಜಾಲದ ಆಚೆ ಒಂದು ಮಣ್ಣಿನ ಮೈದಾನದಲ್ಲಿ ಕೆಲವು ಭಾನುವಾರ ಹವ್ಯಾಸಿಗಳ ಸ್ಪರ್ಧೆ ನಡೆಯುತ್ತದೆ. ಒಬ್ಬೊಬ್ಬರೇ ಓಡಿಸುವುದು, ಕಡಿಮೆ ಹೊತ್ತಿನಲ್ಲಿ ಸುತ್ತಿ ಬಂದವರು ಗೆದ್ದಂತೆ. ನಾನು ನೋಡಲು ಹೋಗುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು, ಅದನ್ನು ಹೇಳಿಕೊಳ್ಳದೆ ಬಿಸಿಲಿನ ನೆಪ ಹೇಳುತ್ತಿದ್ದೆ.

ಈ ಸಲ ಅವಳೇ ಬಂದು, "ಅಪ್ಪ, ನನ್ ಕಾರಿಂದೂ ಒಂದು ಮಾಡೆಲ್ ಮಾಡ್ಕೊಡು" ಎಂದಳು. ಫೋನಿಗೆ ಸಾಲುಸಾಲಾಗಿ ಫೋಟೋ ಕಳಿಸಿದಳು. ಎಲ್ಲ ಇತ್ತು, ಸೀಟಿನ ಹಿಂಭಾಗ ಒಂದು ಬಿಟ್ಟು.

"ಹಿಂದ್ಗಡೆದು ಎಲ್ಲೇ?"

"ಅದು ನಿನ್ಗೆ ಗೊತ್ತಿರೋದೇ ಬಿಡಪ್ಪ" ಎಂದು ನಕ್ಕಳು.

ಆ ನಗು ನನಗೆ ಹಿಡಿಸಲಿಲ್ಲ. ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹೆಗಲಿನ ಎರಡು ಬೆಲ್ಟು ಸೀಟಿನ ತೂತುಗಳ ಮೂಲಕ ಹಿಂದಕ್ಕೆ ಹೋಗಿ ಕಣ್ಮರೆಯಾಗಿದ್ದವು. ಅವು ಹೆಗಲಿನ ಮಟ್ಟಕ್ಕೇ ಹಿಂದಕ್ಕೆ ಹೋಗಿ, ಪಂಜರದಲ್ಲಿ ಅಡ್ಡಲಾಗಿ ಬೆಸುಗೆ ಹಾಕಿದ ಒಂದು ಕೊಳವೆಗೆ ಸುತ್ತಿಕೊಳ್ಳಬೇಕು. ಹಾಗಲ್ಲದೆ ನೇರ ಕೆಳಗಿಳಿದು ನೆಲಕ್ಕೆ ಬಿಗಿದಿದ್ದರೆ, ಕಾರು ಗುದ್ದಿದ ಕ್ಷಣ ಬೆಲ್ಟು ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ, ಬೆನ್ನುಮೂಳೆ ಅಪ್ಪಚ್ಚಿಯಾಗುತ್ತದೆ. ಯಾವ ಫೋಟೋದಲ್ಲೂ ಆ ಅಡ್ಡ ಕೊಳವೆಯ ತುದಿ ಕೂಡ ಕಾಣಲಿಲ್ಲ. ಅಂದರೆ ಮೆಕ್ಯಾನಿಕ್ ಕೊಳವೆಯನ್ನೇ ನುಂಗಿದ್ದಾನೆ, ಇವಳು ನನ್ನ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದಾಳೆ. ಮುಂದಿನ ಸ್ಪರ್ಧೆಗೆ ನಾಲ್ಕೇ ದಿನ ಇತ್ತು.

ಮರುದಿನ ಬೆಳಿಗ್ಗೆ ಅವಳು ಕಾಲೇಜಿಗೆ ಹೋದ ಮೇಲೆ, ಸ್ಕೇಲು, ಟಾರ್ಚು ಜೇಬಿಗಿಟ್ಟುಕೊಂಡು ಯಲಹಂಕದ ಆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ನಲವತ್ತೈದರ ಆಸುಪಾಸಿನವನು. ಮಾದರಿಗೆ ಅಳತೆ ಬೇಕು ಎಂದೆ. "ಬನ್ನಿ ಸಾರ್, ಮೇಡಮ್ ಹೇಳ್ತಿರ್ತಾರೆ ನಿಮ್ ವಿಷ್ಯ" ಎಂದು ಕುರ್ಚಿ ಒರೆಸಿ ಟೀ ತರಿಸಿದ. ಅಳತೆಗೆ ಬಂದವನಿಗೆ ಇಷ್ಟು ಉಪಚಾರ ಯಾಕೆ? ಫೋನ್ ಬಂತು, ಉರ್ದುವಿನಲ್ಲಿ ಮಾತಾಡಿದ. ನನಗೆ ಅರ್ಧ ಅರ್ಥವಾಗುತ್ತದೆ. ಆ ಅರ್ಧದಲ್ಲಿ ಮಗಳ ಸ್ಕೂಲ್ ವ್ಯಾನಿನ ವಿಷಯವಿತ್ತು. ಅರ್ಥವಾಗದ ಅರ್ಧ ನನ್ನ ವಿಷಯವೇ ಇರಬೇಕೆಂದುಕೊಂಡೆ.

ಕಾರಿನ ಹಿಂದಿನ ಬಾಗಿಲಿನಿಂದ ತೂರಿ, ಮಂಡಿಯೂರಿ ಟಾರ್ಚು ಬಿಟ್ಟೆ. ಅಡ್ಡ ಕೊಳವೆ ಇರಲಿಲ್ಲ. ಎರಡೂ ಬೆಲ್ಟು ಸೀಟಿನ ಬೆನ್ನಿಗೆ ಅಂಟಿಕೊಂಡಂತೆ ನೇರ ಕೆಳಗಿಳಿದು ನೆಲದ ಬೋಲ್ಟಿಗೆ ಸೇರಿದ್ದವು.

ನಾನು ಹೊರಗೆ ಬಂದವನೇ ಕಿರುಚಿದೆ. "ಒಂದು ಕೊಳವೆ ಮಿಗಿಸೋಕೆ ನನ್ ಮಗಳ ಬೆನ್ನು ಮುರೀತೀರೇನ್ರೀ?" ಅವನ ಕೈ ತನ್ನ ಅಂಗಿಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ತೆಗೆದದ್ದು ಫೋನು.

"ನಾನೂ ಬೇಡ ಅಂದೆ ಸಾರ್. ಮೇಲೆ ಅಡ್ಡ ಬಾರ್ ಹಾಕ್ಬೇಕು ಅಂದೆ. ಮೇಡಮ್ ಈ ಫೋಟೋ ಕೊಟ್ರು. 'ನಮ್ಮಪ್ಪ ಇನ್‌ಸ್ಪೆಕ್ಟ್ರು, ಅವ್ರು ಮಾಡಿದ್ರಲ್ಲಿ ತಪ್ಪಿರಲ್ಲ, ಹಿಂಗೇ ಹಾಕಿ' ಅಂದ್ರು. ನಾನೇನ್ ಹೇಳ್ಲಿ?"

ಫೋಟೋದಲ್ಲಿದ್ದದ್ದು ನಾನು ಕಟ್ಟಿದ ಮೊದಲನೆಯ ಮಾದರಿ. ಅದರ ಹಿಂದಿನ ಗಾಜಿನ ಮೂಲಕ, ಬೆಲ್ಟುಗಳು ಕಾಣುವಂತೆ ತೆಗೆದಿದ್ದಳು. ಆ ಕಾರನ್ನು ಕಟ್ಟುವಾಗ ನನಗೆ ಸಿಕ್ಕಿದ್ದು ಅಸಲಿ ಕಾರಿನ ಮುಂಭಾಗದ ಚಿತ್ರ ಮಾತ್ರ. ಹಿಂದೆ ಬೆಲ್ಟು ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಅಲ್ಲಿ ಯಾರು ಇಣುಕಿ ನೋಡುತ್ತಾರೆ ಎಂದು ಟೇಪನ್ನು ನೇರ ನೆಲಕ್ಕೆ ಅಂಟಿಸಿದ್ದೆ. ಆಮೇಲೆ ಓದಿ ತಿಳಿದುಕೊಂಡೆ, ನಂತರದ ಕಾರುಗಳಲ್ಲೆಲ್ಲ ಸರಿಯಾಗಿ ಮಾಡಿದೆ. ಮೊದಲನೆಯದು ಮಾತ್ರ ಶೋಕೇಸಿನಲ್ಲಿ ಹಾಗೇ ಇತ್ತು. ಕಾರ್ಖಾನೆಯಲ್ಲಿ ತಪ್ಪಾದ ತುಂಡು ಕಂಡ ಕೂಡಲೇ ಕೆಂಪು ಚೀಟಿ ಕಟ್ಟಿ ಬೇರೆ ಇಡುವುದು ನಿಯಮ. ಇಲ್ಲದಿದ್ದರೆ ಯಾರೋ ಒಳ್ಳೆಯದೆಂದುಕೊಂಡು ಅದನ್ನೇ ಜೋಡಿಸುತ್ತಾರೆ. ಅಷ್ಟು ವರ್ಷ ಊರವರಿಗೆಲ್ಲ ಚೀಟಿ ಕಟ್ಟಿದವನು ನನ್ನದಕ್ಕೆ ಕಟ್ಟಿರಲಿಲ್ಲ.

ಮೆಕ್ಯಾನಿಕ್‌ಗೆ ತಪ್ಪಾಯಿತು ಎಂದೆ. ಅವನು ತಣ್ಣಗಾದ ಟೀಯನ್ನು ಚೆಲ್ಲಿ ಇನ್ನೊಂದು ತರಿಸಿದ.

ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ. ಅಡ್ಡ ಕೊಳವೆ ಹಾಕಿಸದೆ ಕಾರು ಹತ್ತಬೇಡ ಎಂದೆ. ಯಾಕೆಂದು ಕೇಳಿದಳು. ಮಾದರಿಯಲ್ಲಿ ಗೊತ್ತಿಲ್ಲದೆ ಅಂಟಿಸಿದ್ದು, ತಪ್ಪೆಂದು ತಿಳಿದ ಮೇಲೂ ಸುಮ್ಮನಿದ್ದದ್ದು, ಎಲ್ಲ ಹೇಳಿದೆ.

"ನಿನ್ ಮಾಡೆಲ್ ಥರಾನೇ ಹಾಕ್ಸಿದೀನಿ ಅಂತ ತೋರ್ಸಿ ಖುಷಿ ಪಡಿಸೋಣ ಅಂತಿದ್ದೆ ಕಣಪ್ಪ. ಆ ಬೆಲ್ಟಲ್ಲೇ ಮೂರು ಸಲ ಓಡ್ಸಿದೀನಿ."



ಶನಿವಾರದ ಹೊತ್ತಿಗೆ ಮೆಕ್ಯಾನಿಕ್ ಕೊಳವೆ ಬೆಸೆದು ಬೆಲ್ಟು ಬದಲಿಸಿದ. ನಾನು ಅಳೆದೆ, ಜಗ್ಗಿದೆ, ಮತ್ತೆ ಅಳೆದೆ. "ಸರಿಯಾಗಿದೆ, ಹತ್ತು" ಎಂದೆ. ಮೊದಲಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಅವಳು ಹತ್ತಲಿಲ್ಲ. ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು, ನನ್ನ ಮುಂದೆಯೇ ಮಂಡಿಯೂರಿ, ಒಂದೊಂದು ಬೆಸುಗೆಯನ್ನೂ ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಮೆಕ್ಯಾನಿಕ್‌ನನ್ನು ಕರೆದು, "ಅಪ್ಪ ಹೇಳ್ತಿರೋದು ಸರೀನಾ?" ಎಂದು ಕೇಳಿದಳು. ನಾನು ಪಕ್ಕದಲ್ಲಿ ನಿಂತು ಅವನ ಉತ್ತರಕ್ಕೆ ಕಾದೆ.