ಪೆಟ್ಟಿಗೆ ಮಾವ ಕೆಮ್ಮಿದರೆ ಓಣಿ ಉಸಿರು ಬಿಗಿಹಿಡಿಯುತ್ತದೆ

ಬೆಳಗಿನ ಆರು ಗಂಟೆ. ಬಿಳಿ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಆಸ್ಪತ್ರೆಯ ಆಳು ಪೆಟ್ಟಿಗೆ ಮಾವ ಓಣಿಗೆ ಕಾಲಿಡುತ್ತಾರೆ. ಹಿಂದೆ ನರ್ಸ್. ಅಷ್ಟು ಹೊತ್ತಿಗಾಗಲೇ ಎದ್ದು ರಂಪ ಮಾಡುತ್ತಿದ್ದ ಕೂಸುಗಳ ಸದ್ದು ಒಂದೊಂದಾಗಿ ಅಡಗುತ್ತದೆ. ಒಳಗಿನವರು ಬಾಯಿ ಮುಚ್ಚಿಸುತ್ತಿದ್ದಾರೆ. ನಲ್ಲಿ ತೊಟ್ಟಿಕ್ಕುವುದು ಮಾತ್ರ ಕೇಳಿಸುತ್ತದೆ.

ಪೆಟ್ಟಿಗೆಯಲ್ಲಿ ನಾಲ್ಕು ಐಸ್‌ಪ್ಯಾಕು, ನಡುವೆ ಹದಿನೆಂಟು ಮಕ್ಕಳಿಗಾಗುವಷ್ಟು ರೋಟಾವೈರಸ್ ಲಸಿಕೆ. ಭೇದಿಗೆ ಕೂಸುಗಳು ಬಲಿಯಾಗದಂತೆ ಬಾಯಿಗೆ ಹಾಕುವ ಹನಿ. ಬಸ್ಸಿಲ್ಲದ ಒಂಬತ್ತು ಕಿಲೋಮೀಟರು ನಡೆದೇ ತರಬೇಕು. ಬಿಸಿಲೇರಿ ತಂಪು ಹೋಯಿತೋ, ಅಷ್ಟೂ ದಂಡ. ಆದರೆ ಬಿಸಿಲಿಗಿಂತ ದೊಡ್ಡ ತಲೆನೋವು ಮಾವನ ಮುಖವೇ.

ಆರು ವರ್ಷದ ಹಿಂದೆ, ಭೇದಿ ಹಬ್ಬಿದಾಗ, ಆಸ್ಪತ್ರೆಯಲ್ಲಿ ತೀರಿಕೊಂಡ ಕೂಸುಗಳನ್ನು ಮನೆ ಮುಟ್ಟಿಸಿದ್ದೂ ಇವರೇ. ಗಾಡಿ ಇರಲಿಲ್ಲ. ಇಂಥದೇ ಬಿಳಿ ಪೆಟ್ಟಿಗೆಯಲ್ಲಿ, ಹನ್ನೊಂದು ಸಲ. "ಬಾಗಿಲು ಬಡಿದು ಏನಂತ ಹೇಳೋದು? ಹೊರಗೆ ನಿಂತು ಕೆಮ್ತಿದ್ದೆ. ಅವ್ರೇ ತಿಳ್ಕೊಳ್ತಿದ್ರು."

ಪೆಟ್ಟಿಗೆಗೆ ಬೇರೆ ಬಣ್ಣ ಬಳಿಯೋಣವೆಂದರೆ ಕಚೇರಿಯವರು ನಿಯಮದಲ್ಲಿಲ್ಲ ಎಂದರಂತೆ. ನಿಯಮಕ್ಕೇನು, ಅದಕ್ಕೆ ಮಕ್ಕಳೇ ಮರಿಯೇ. ಕೊನೆಗೆ ಮಾವನ ಹೆಂಡತಿ ಹೂವಿನ ಬಟ್ಟೆಯ ಗವಸು ಹೊಲಿದುಕೊಟ್ಟರು. ಯಾರೂ ಮೋಸ ಹೋಗಲಿಲ್ಲ, ಗವಸು ಮನೆಯಲ್ಲೇ ಉಳಿಯಿತು.

ಇವತ್ತಿನ ಚಿಂತೆ ಕೊನೆಯ ಮನೆಯದು. ಅಲ್ಲಿನ ಕೂಸಿಗೆ ಮೊದಲ ಹನಿ ಹಾಕುವ ವಯಸ್ಸಿನ ಗಡುವು ನಾಳೆಗೆ ಮುಗಿಯುತ್ತದೆ. ಎರಡು ಸಲ ಹೋದರೂ ತಾಯಿ ಬಾಗಿಲು ತೆರೆದಿಲ್ಲ. ಆಕೆಯ ಚೊಚ್ಚಲ ಮಗುವನ್ನು ತಂದುಕೊಟ್ಟವರೂ ಮಾವನೇ. ಬಡಿಯಲು ಕೈಯೆತ್ತಿದ ಮಾವ, ಹಾಳು ಹಳೇ ಚಾಳಿ, ಕೆಮ್ಮಿಬಿಡುತ್ತಾರೆ. ನರ್ಸ್ ಹಣೆ ಚಚ್ಚಿಕೊಳ್ಳುತ್ತಾರೆ. ಓಣಿಯಲ್ಲೆಲ್ಲೋ ಅಗುಳಿ ಬಿದ್ದ ಸದ್ದಾಗುತ್ತದೆ.

ಬಾಗಿಲು ಬೆರಳಷ್ಟು ತೆರೆಯುತ್ತದೆ.

"ಮಾವ, ನನ್ ಮಗು ಒಳಗೆ ಮಲಗಿದೆ. ಉಸಿರಾಡ್ತಿದೆ. ನಿಮ್ ಪೆಟ್ಟಿಗೇಲಿ ಯಾರಿದಾರೆ?"

ಮಾವ ಹೊಸ್ತಿಲ ಮೇಲೆ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆಯುತ್ತಾರೆ. ತಂಪು ಹೋಗುತ್ತದೆಂದು ನರ್ಸ್ ಗೊಣಗಿದರೂ ಕೇಳುವುದಿಲ್ಲ. ಆಕೆ ಬಾಗಿಲು ಸರಿಸಿ, ಕೈ ಇಳಿಸಿ ಮೂಲೆ ಮೂಲೆ ತಡಕುತ್ತಾಳೆ.

"ಅವತ್ತೂ ಹೀಗೇ ತಣ್ಣಗಿತ್ತು."

"ಇವತ್ತು ತಣ್ಣಗಿರೋದು ಔಷಧಿ ಕಣಮ್ಮ. ಅವತ್ತು ಇದಿರ್ಲಿಲ್ಲ. ಇದ್ದಿದ್ರೆ ನಾನು ಬರೋ ಹಾಗೇ ಇರ್ಲಿಲ್ವೇನೋ."

ಆಕೆ ಬಹಳ ಹೊತ್ತು ಕೈ ತೆಗೆಯುವುದಿಲ್ಲ. ಆಮೇಲೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ನರ್ಸ್ ಹನಿ ಹಾಕಿದ್ದೇ ತಡ, ನಿದ್ದೆ ಕೆಟ್ಟ ಸಿಟ್ಟಿಗೆ ಕೂಸು ಸೂರು ಹಾರುವಂತೆ ಚೀರುತ್ತದೆ. ಈ ಸಲ ಯಾರೂ ಬಾಯಿ ಮುಚ್ಚಿಸುವುದಿಲ್ಲ. ಎದುರುಮನೆಯ ಬಾಗಿಲು ತೆರೆಯುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ ಮಾವ ಪೆಟ್ಟಿಗೆಯ ಪಟ್ಟಿ ಬಿಗಿಮಾಡಿಕೊಳ್ಳುತ್ತಾರೆ. "ಏನಿಲ್ಲ. ಆಗ ನಾನು ಹೊರಟ್ರೆ ಹಿಂದೆ ತಾಯಿ ಅಳೋದು ಕೇಳ್ತಿತ್ತು. ಈಗ ಮಗು ಅಳೋದು ಕೇಳುತ್ತೆ. ಅಷ್ಟು ಸಾಕು."