ಮೆಣಸಿನಕಾಯಿ ಗೋದಾಮಿನ ಮೇಲೆ ಧ್ಯಾನ

ಷರತ್ತಿಲ್ಲದ ಪ್ರೀತಿಯನ್ನು ಕಲಿತು ಬಾ ಎಂದು ನನ್ನ ಗಂಡ ನನಗೆ ಷರತ್ತು ಹಾಕಿದ. ಎಂಬತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಬ್ಯಾಡಗಿಯಲ್ಲಿ, ಅವನಿಗೆ ಕೆಲಸ ರಾಣೇಬೆನ್ನೂರಿನ ಬಟ್ಟೆ ಅಂಗಡಿಯಲ್ಲಿ. ಅಲ್ಲೇ ಒಂದು ಬಾಡಿಗೆ ಮನೆ ಹಿಡಿಯಬೇಕು, ಅತ್ತೆಯಿಂದ ಬೇರೆಯಾಗಬೇಕು ಎಂದು ನಾನು ಹಟ ಹಿಡಿದಿದ್ದೆ.

"ಅವ್ವನ ಜೋಡಿ ಧ್ಯಾನದ ಕ್ಲಾಸಿಗೆ ಹೋಗು. ಅದು ಮುಗಿದ ಮ್ಯಾಲೂ ಬ್ಯಾರೆ ಆಗ್ಬೇಕು ಅಂದ್ರ ಮನಿ ನೋಡೂಣು," ಅಂದ.

ತಾನು ಮಾತ್ರ ಧ್ಯಾನಕ್ಕೆ ಬರುವವನಲ್ಲ. ಹೆಂಗಸರು ಶಾಂತರಾದರೆ ಸಾಕು, ಗಂಡಸರು ಹುಟ್ಟಾ ಶಾಂತರು ಎಂಬುದು ಅವನ ನಂಬಿಕೆ.

ಅತ್ತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಎದುರಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಏಕವಚನವೇ. ನಾನು ತೊಳೆದ ತಾಟನ್ನು ನನ್ನ ಮುಂದೆಯೇ ಮತ್ತೆ ತೊಳೆಯುವಳು. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವಳು. ನನ್ನ ತವರು ಗುತ್ತಲ. ಸಾರಿಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ "ಗುತ್ತಲದಾಗ ಹಿಂಗ ಮಾಡ್ತಾರೇನು?" ಎಂದು ಊರಿಗೆ ಊರನ್ನೇ ಎಳೆಯುವಳು. ನನಗೆ ಅವಳು ಬೇಡವಾಗಿದ್ದಳು, ಅವಳಿಗೆ ನಾನು. ಅದೊಂದರಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಮನಸ್ಸು.

ಕ್ಲಾಸು ನಡೆಯುತ್ತಿದ್ದದ್ದು ಮೆಣಸಿನಕಾಯಿ ಗೋದಾಮಿನ ಮೇಲಿನ ಹಾಲಿನಲ್ಲಿ. ಧ್ಯಾನಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಡೀ ಊರಿನಲ್ಲಿ ಸಿಗುತ್ತಿರಲಿಲ್ಲ. ಕೆಳಗೆ ಚೀಲ ಸುರುವಿದಾಗಲೆಲ್ಲ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. "ಉಸಿರನ್ನು ಗಮನಿಸಿ" ಎಂದು ಕಲಿಸುವಾಕೆ ಹೇಳಿದ ಕೂಡಲೇ ನಾವೆಲ್ಲ ಕೆಮ್ಮುತ್ತಿದ್ದೆವು. ಆಕೆ ಮೈಸೂರು ಕಡೆಯವಳು. ಬಿಳಿ ಸೀರೆ, ಮೆತ್ತನೆಯ ದನಿ. "ಮನಸ್ಸು ಶಾಂತವಾದರೆ ಪ್ರೀತಿ ತಾನಾಗಿಯೇ ಹರಿಯುತ್ತದೆ ಅಮ್ಮಾ. ಅದಕ್ಕೆ ಕಾರಣ ಬೇಕಿಲ್ಲ, ಷರತ್ತು ಬೇಕಿಲ್ಲ," ಅನ್ನುತ್ತಿದ್ದಳು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮತ್ತೆಯ ಜೊತೆ ಒಂದು ವಾರ ಇದ್ದು ತೋರಿಸಲಿ, ಹರಿಯುವ ಮಾತು ಆಮೇಲೆ. ಕಣ್ಣು ಮುಚ್ಚಿದೊಡನೆ ನನ್ನೊಳಗೆ ಜಗಳ ಶುರುವಾಗುತ್ತಿತ್ತು: ಅವಳು ಅಂದದ್ದು, ನಾನು ತಿರುಗಿ ಅನ್ನಬೇಕಾಗಿದ್ದದ್ದು, ಅದಕ್ಕೆ ಅವಳು ಅನ್ನಬಹುದಾದದ್ದು. ಹೊರಗಿನ ಜಗಳಕ್ಕಾದರೂ ಊಟದ ಹೊತ್ತಿಗೆ ಬಿಡುವು ಇರುತ್ತಿತ್ತು.

ಕೊನೆಯ ದಿನ ನಾವೆಲ್ಲ ಕೆಲಸದಿಂದ ಎದ್ದು ನೇರವಾಗಿ ಹೋದೆವು. ಬೆಳಗಿನಿಂದ ತುಂಬು ಬಿಡಿಸಿದ್ದೆವು. ಎಂದರೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು. ಸುಗ್ಗಿಯಲ್ಲಿ ಬ್ಯಾಡಗಿಯ ಹೆಂಗಸರಿಗೆ ಅದೇ ಕೆಲಸ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದರ ತುಂಬು ಬಿಡಿಸಿದವರಲ್ಲ. ಎಷ್ಟು ತೊಳೆದರೂ ಕೈಯ ಖಾರ ಹೋಗುವುದಿಲ್ಲ. ಕಣ್ಣು ತುರಿಸಿದರೆ ನಾವು ರಟ್ಟೆಯಿಂದ ಒರೆಸಿಕೊಳ್ಳುತ್ತೇವೆ. ಹೊಸ ಸೊಸೆಗೆ ಇಲ್ಲಿ ಮೊದಲು ಕಲಿಸುವುದೇ ಇದನ್ನು. ನನಗೂ ಅತ್ತೆಯೇ ಕಲಿಸಿದ್ದಳು, ಬೈದು.

ಆ ದಿನ ಏನಾಯಿತೋ, ಮನಸ್ಸು ನಿಂತಿತು. ನಾನು ಕೂತಿದ್ದು ಬೇರೆ ಮನೆಯ ಆಸೆಗೆ, ನಂಬಿಕೆಯಿಂದಲ್ಲ. ಆದರೂ ಸುಳ್ಳು ಹೇಳಲಾರೆ. ಒಳಗಿನ ಜಗಳದಲ್ಲಿ ಎರಡೂ ಕಡೆಯವರು ಬಾಯಿ ಮುಚ್ಚಿದರು. ಕೆಳಗಿನಿಂದ ಹಮಾಲರ ಕೂಗು ಕೇಳುತ್ತಿತ್ತು, ಕೆಮ್ಮು ಕೇಳುತ್ತಿತ್ತು, ಯಾವುದೂ ನನಗೆ ತಾಗುತ್ತಿರಲಿಲ್ಲ. ಹಾಯೆನಿಸಿತು. ಆಗ ಆ ಮೆತ್ತನೆಯ ದನಿ, "ಈಗ ಅಂಗೈಗಳನ್ನು ಚೆನ್ನಾಗಿ ಉಜ್ಜಿ, ಆ ಬಿಸಿಯನ್ನು ಕಣ್ಣುಗಳ ಮೇಲೆ ಇಟ್ಟುಕೊಳ್ಳಿ," ಅಂದಿತು. ಅದುವರೆಗೆ ಆಕೆ ಹೀಗೆ ಹೇಳಿರಲಿಲ್ಲ. ಶಾಂತವಾದ ಮನಸ್ಸು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತದೆ. ಅಂಗೈ ಉಜ್ಜಿದೆ, ಕೈ ಎತ್ತಿದೆ.

ಫಟ್ ಎಂದು ಏಟು ಬಿತ್ತು. ಕಣ್ಣು ತೆರೆದರೆ ಅತ್ತೆ ನನ್ನ ಎರಡೂ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದ್ದಳು.

"ಖಬರ್‌ಗೇಡಿ! ಕೈ ಖಾರ ಐತಿ!"

ಅಷ್ಟರಲ್ಲಿ ಹಾಲಿನ ತುಂಬ ಚೀರಾಟ. ಹುಟ್ಟಿದಾಗಿನಿಂದ ಕೈಯನ್ನು ಕಣ್ಣಿನಿಂದ ದೂರ ಇಟ್ಟವರೂ ಮೋಸಹೋಗಿದ್ದರು. "ಯವ್ವಾ, ಸತ್ನೆಪ್ಪೋ!" ಎನ್ನುತ್ತ ಒಬ್ಬರ ಮೇಲೊಬ್ಬರು ಬಿದ್ದು ನೀರಿನ ಕೊಡದ ಕಡೆ ಓಡಿದರು. ಕಲಿಸುವಾಕೆ ಏನಾಯಿತೆಂದು ತಿಳಿಯದೆ "ಉಸಿರಾಡಿ, ನಿಧಾನವಾಗಿ ಉಸಿರಾಡಿ" ಅನ್ನುತ್ತಲೇ ಇದ್ದಳು.

"ನೀವು ಕಣ್ಣ ಮುಚ್ಚಿದ್ದಿಲ್ಲೇನ್ರಿ?" ಎಂದು ಅತ್ತೆಯನ್ನು ಕೇಳಿದೆ.

"ನಾನೂ ಮುಚ್ಚಿದ್ರ ನಿನ್ನ ನೋಡಾವ್ರ ಯಾರು? ನಿದ್ದಿ ಹತ್ತಿ ಕಿಡಕ್ಯಾಗಿಂದ ಕೆಳಗ ಬಿದ್ದಗಿದ್ದಿ ಅಂತ ದಿನಾ ನಿನ್ನ ಮಾರಿ ನೋಡ್ಕೋತ ಕುಂತೇನಿ. ಎಂಥಾ ಧ್ಯಾನ, ಎಂಥಾ ಸುಡುಗಾಡು."

ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ನನ್ನ ಕಣ್ಣಲ್ಲೂ. ಖಾರ ತಾಗದೆ ಅತ್ತವಳು ನಾನೊಬ್ಬಳೇ. ಅದಕ್ಕೂ ನನಗೆ ಸಿಟ್ಟು ಬಂತು. ಅತ್ತೆಯನ್ನು ದ್ವೇಷಿಸಲು ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು, ಎಲ್ಲವೂ ಗಟ್ಟಿ ಕಾರಣಗಳು. ಈ ಮುದುಕಿ ಅದಕ್ಕೂ ಅಡ್ಡ ಬಂದಳು.

ಸಂಜೆ ರಾಣೇಬೆನ್ನೂರಿನಿಂದ ಬಂದ ಗಂಡ, ಅತ್ತೆಯ ಎದುರೇ, ಏನು ನಿರ್ಧಾರ ಮಾಡಿದೆ ಎಂದು ಕೇಳಿದ.

"ಬ್ಯಾರೆ ಮನಿ ಬ್ಯಾಡ್ರಿ," ಅಂದೆ.

ಎಲ್ಲ ಧ್ಯಾನದ ಮಹಿಮೆ ಎಂದು ಅವನ ಮುಖ ಅರಳಿತು. ಅತ್ತೆಯ ಮುಖ ಇಳಿಯಿತು.

"ಹೋಗ್ತಾಳ, ಅಡಗಿಮನಿ ನನ್ನ ಕೈಗೆ ಬರ್ತೈತಿ ಅಂತ ಖುಷಿಲೆ ಇದ್ದೆ," ಅಂದಳು.

ನನಗೆ ತಡೆಯಲಾಗಲಿಲ್ಲ. "ನಾ ಅಷ್ಟು ಬ್ಯಾಡಾಗಿದ್ರ ನನ್ನ ಕೈ ಯಾಕ ಹಿಡದ್ರಿ? ಕಣ್ಣ ಉರೀಲಿ ಅಂತ ಬಿಡಬೇಕಾಗಿತ್ತು," ಅಂದೆ.

ಅತ್ತೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀ ನನಗ ಸೇರಂಗಿಲ್ಲ, ಖರೇ. ಸೇರಂಗಿಲ್ಲಂತ ಕಣ್ಣ ಸುಟ್ಕೊಳ್ಳಾಕ ಬಿಡ್ಲೇನು?"