ಮೀಸೆ ಪಣವಿಟ್ಟ ಟಾಂಗಾವಾಲಾ

ಗಾಣಗಾಪುರಕ್ಕೆ ದತ್ತಪ್ರಭುಗಳ ದರ್ಶನಕ್ಕೆ ಹೋದಾಗಲೆಲ್ಲ ನಾನು ಏರುತ್ತಿದ್ದುದು ಒಬ್ಬ ಹಿರಿಯ ಟಾಂಗಾವಾಲಾರ ಗಾಡಿಯನ್ನೇ. ಪಂದ್ಯದಲ್ಲಿ ಗೆಲ್ಲುವ ಕುದುರೆಯನ್ನು ಮೊದಲೇ ಗುರುತಿಸುವ ವಿದ್ಯೆಯನ್ನು ನನಗೆ ಅನುಗ್ರಹಿಸಿದವರು ಅವರೇ. ಬಿಳಿ ಮೀಸೆಯನ್ನು ಹುರಿ ಮಾಡುತ್ತ, "ಕಾಲ ನೋಡಿ ಮರುಳಾಗಬ್ಯಾಡ್ರಿ ಮಾಸ್ತರ್ರ, ಕಿವಿ ನೋಡ್ರಿ. ಕಿವಿ ಮುಂದಕ್ಕಿದ್ರ ಅದರ ದಿಲ್ ಓಟದಾಗ ಅದ ಅಂತ ತಿಳೀರಿ" ಎನ್ನುವರು.

ಒಂದು ಸಂಜೆ ಟಾಂಗಾದವರೊಳಗೇ ಪಂದ್ಯ ಕುದುರಿತು. ಗುಡಿಯ ಕಮಾನನ್ನು ದಾಟಿ, ಆಚೆಯ ಹುಣಸೆಮರವನ್ನು ಮೊದಲು ಮುಟ್ಟಬೇಕು. ತಮ್ಮ ಕುದುರೆ ಸೋತರೆ ಮೀಸೆ ಬೋಳಿಸುವುದಾಗಿ ಅವರು ಪಣ ಕಟ್ಟಿದರು. ನಾನೂ ಶಿಷ್ಯಭಾವದಿಂದ ಕುದುರೆಯ ಕಿವಿಗಳನ್ನು ಪರೀಕ್ಷಿಸಿ ತಲೆದೂಗಿದೆ.

ಅವರ ಕುದುರೆ ಎಲ್ಲವನ್ನೂ ಹಿಂದಿಕ್ಕಿ ಧೂಳೆಬ್ಬಿಸುತ್ತ ಬಂದಿತು. ಕಮಾನಿನ ಬಳಿ ಜಪಮಾಲೆ ಹಿಡಿದು ನಿಂತಿದ್ದ ನಾನು ಜಪವನ್ನು ಮರೆತು ಕುಣಿದೆ. ಆದರೆ ಕಮಾನು ಬಂದೊಡನೆ, ಭಕ್ತರು ಇಳಿಯಲೆಂದು ನಿತ್ಯ ನಿಲ್ಲುವಂತೆಯೇ, ಅದು ವಿನಯದಿಂದ ನಿಂತುಬಿಟ್ಟಿತು!

"ನಡಿಯೋ ಬೇಟಾ, ಇವತ್ತ ಯಾರೂ ಇಳಿಯೋರಿಲ್ಲೋ!" ಎಂದು ಅವರು ಅಂಗಲಾಚಿದರೂ ಕದಲಲಿಲ್ಲ. ಉಳಿದ ಟಾಂಗಾಗಳೆಲ್ಲ ಮುಂದೆ ಹೋದವು.

ಗೆಳೆಯರು ಅವರನ್ನು ಮೆರವಣಿಗೆಯಲ್ಲಿ ಕಟಿಂಗ್ ಅಂಗಡಿಗೆ ಒಯ್ದರು. ಬೋಳು ತುಟಿಯೊಡನೆ ಮರಳಿದ ಒಡೆಯನನ್ನು ಕಂಡು ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು; ಕಿವಿಗಳು ಹಿಂದಕ್ಕೆ ಮಡಚಿಕೊಂಡವು.

ಅವರು ಹೊಟ್ಟೆ ಹಿಡಿದು ನಕ್ಕರು: "ಕಿವಿ ನೋಡ್ರಿ ಮಾಸ್ತರ್ರ, ಕಿವಿ ನೋಡ್ರಿ! ಇವಾ ಯಾರಂತ ಕೇಳಾಕತ್ತದ!"